ಉಸಿರು ಎಳ್ಕೊ, ಗಿರಿಜ

ಮೊದಲು ಬಂದದ್ದು ಬಿಕ್ಕಳಿಕೆ.

ಸೋಮವಾರ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವಾಗ ಶುರುವಾದದ್ದು ಮಂಗಳವಾರ ಸಂಜೆಯಾದರೂ ನಿಲ್ಲಲಿಲ್ಲ. ನನ್ನ ಹೆಂಡತಿ ಗಿರಿಜ ದಂಡಿನಶಿವರದಲ್ಲಿ ಹತ್ತೊಂಬತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಬೀದಿಯ ಆ ತುದಿಗೂ ಕೇಳುತ್ತಿತ್ತು. ರಾಗಿ ಬೀಸಿಸಲು ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಬಾಯಿಗೆ ಸಕ್ಕರೆ ಹಾಕಿಕೋ ಅಂದರು, ಮೂಗು ಹಿಡಿದು ನೀರು ಕುಡಿ ಅಂದರು.

"ಯಾರೋ ಭಾಳ ನೆನೆಸ್ಕೊಂತಾವ್ರೆ ಕಣೇ" ಎಂದು ಒಬ್ಬಾಕೆ ನಕ್ಕಳು.

"ಇವ್ರಂತೂ ಅಲ್ಲ ಬುಡು" ಎಂದು ಗಿರಿಜ ನನ್ನ ಕಡೆ ಕೈ ತೋರಿಸಿದಳು.

ಅವಳ ದನಿಯಲ್ಲಿ ನಾನು ಕೇಳಿದ ಕೊನೆಯ ತಮಾಷೆ ಅದು.

ಬುಧವಾರ ಕುಡಿದ ಕಾಫಿ ಮೂಗಿನಿಂದ ಬಂತು. ತಲೆ ತಿರುಗಿ ಗೋಡೆ ಹಿಡಿದಳು. ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಬಲಗೈ ಬಿಸಿನೀರಿಗೆ ಇಟ್ಟರೆ ಬಿಸಿಯೇ ಗೊತ್ತಾಗುತ್ತಿಲ್ಲ ಅಂದಳು. ತಿಪಟೂರಿಗೆ ಕರೆದೊಯ್ದೆ. ಅಲ್ಲಿಂದ ತುಮಕೂರಿಗೆ ಕಳಿಸಿದರು. ಎಂಆರ್‌ಐ ಆಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಮ್ಮ ಕತ್ತಿನ ಹಿಂದೆ, ತಲೆಬುರುಡೆ ಶುರುವಾಗುವ ಕಡೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಒಳಗೆ ಮೆದುಳಿನ ಬುಡ ಇದೆ. ಮೆಡುಲ್ಲಾ ಅಂತೀವಿ. ಹೆಬ್ಬೆರಳಷ್ಟು ಇರುತ್ತೆ. ಅಲ್ಲಿಗೆ ರಕ್ತ ಹೋಗೋ ನಾಳ ಕಟ್ಕೊಂಡಿದೆ. ಸ್ಟ್ರೋಕ್."

"ಕೈಕಾಲು ಆಡ್ತಾ ಅವಲ್ಲ ಮೇಡಂ?"

"ಆಡ್ತವೆ. ನಮಗೆ ಭಯ ಅದಲ್ಲ. ನುಂಗೋದು, ಬಿಪಿ, ಹಾರ್ಟ್ ರೇಟ್, ಉಸಿರಾಟ ಎಲ್ಲದರ ಹಿಡಿತ ಅಲ್ಲಿದೆ."

ಸ್ಟ್ರೋಕ್ ಎಂದರೆ ಕೈಕಾಲು ಬಿದ್ದುಹೋಗುವುದು ಎಂದಷ್ಟೇ ನಾನು ತಿಳಿದಿದ್ದೆ. ಅವು ಆಡುತ್ತಿದ್ದವು. ಹಾಗಾಗಿ ಬಚಾವಾದೆವು ಎಂದುಕೊಂಡೆ.

ಐದನೆಯ ದಿನ ಮಧ್ಯಾಹ್ನ ಅವಳಿಗೆ ಕಣ್ಣು ಹತ್ತಿತು. ಪಾಪ, ಬಿಕ್ಕಳಿಕೆಯಿಂದ ನಿದ್ದೆಗೆಟ್ಟವಳಿಗೆ ಇಷ್ಟು ದಿನದ ಮೇಲೆ ನಿದ್ದೆ ಬಂತಲ್ಲ ಎಂದು ಸಮಾಧಾನಪಟ್ಟೆ.

ಹತ್ತು ನಿಮಿಷಕ್ಕೆ ಮಾನಿಟರ್ ಕೂಗಿತು.

ನರ್ಸ್ ಓಡಿ ಬಂದು ಭುಜ ಅಲುಗಿಸಿದಳು. "ಅಮ್ಮಾ, ಉಸಿರು ಎಳ್ಕೊಳ್ಳಿ!" ಗಿರಿಜ ಕಣ್ಣು ಬಿಟ್ಟು ಉಸಿರೆಳೆದಳು. ಏನಾಯಿತು ಎಂಬಂತೆ ನಮ್ಮನ್ನು ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು. ಮತ್ತೆ ಮಾನಿಟರ್ ಕೂಗಿತು. ಅಂದೇ ಬಾಯಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಸೇರಿಸಿದರು. ಎರಡು ವಾರ ಕಳೆದ ಮೇಲೆ ಗಂಟಲಿಗೆ ತೂತು ಮಾಡಿ ಉಸಿರಿನ ಪೈಪನ್ನು ಅಲ್ಲಿ ಕೂರಿಸಿದರು, ಟ್ರಾಕಿಯಾಸ್ಟಮಿ ಎಂದರು.

ಅವಳ ದನಿ ಅಲ್ಲಿಗೆ ಮುಗಿಯಿತು.

ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. "ಹಾರ್ಟ್‌ಗೆ ಅದರದ್ದೇ ಬಡಿತ ಇದೆ. ಮೆದುಳು ಲಗಾಮು ಹಿಡಿದು ಜೋರು ಮಾಡುತ್ತೆ, ನಿಧಾನ ಮಾಡುತ್ತೆ, ಅಷ್ಟೆ. ಉಸಿರಿಗೆ ಹಾಗಿಲ್ಲ. ಒಂದೊಂದು ಉಸಿರಿಗೂ ಮೆದುಳಿಂದ ಅಪ್ಪಣೆ ಬರಬೇಕು. ಎಚ್ಚರ ಇದ್ದಾಗ ಅವರೇ ಮನಸ್ಸು ಮಾಡಿ ಎಳ್ಕೋಬಹುದು. ನಿದ್ದೇಲಿ ಆ ಕೆಲಸ ಮಾಡೋ ಜಾಗಕ್ಕೇ ಪೆಟ್ಟಾಗಿದೆ."

"ಸರಿ ಹೋಗುತ್ತಾ?"

"ಕೆಲವರಿಗೆ ಸ್ವಲ್ಪ ಸುಧಾರಿಸುತ್ತೆ. ಇವರಿಗೆ ಆಗುತ್ತೆ ಅಂತ ನಾನು ಹೇಳಲಾರೆ."

ಐವತ್ತೊಂದು ವರ್ಷ ನಾನು ಮಲಗಿದ್ದೇನೆ, ಎದ್ದಿದ್ದೇನೆ. ಮಲಗಿದ್ದಾಗಲೆಲ್ಲ ಕತ್ತಿನ ಹಿಂದೆ ಏನೋ ಒಂದು ನನಗಾಗಿ ಎಚ್ಚರವಿತ್ತು ಎಂಬುದು ಗೊತ್ತೇ ಇರಲಿಲ್ಲ. ಅದು ಇದೆ ಎಂದು ನನಗೆ ತಿಳಿದದ್ದು ಅವಳಲ್ಲಿ ಅದು ಕೆಟ್ಟ ಮೇಲೆ.

ಸಣ್ಣ ವೆಂಟಿಲೇಟರ್, ಇನ್ವರ್ಟರ್, ಸಕ್ಷನ್ ಮೆಷಿನ್ ಇಷ್ಟನ್ನೂ ಹೊಂದಿಸಿಕೊಂಡು ಮನೆಗೆ ಬಂದೆವು. ನಾನು ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ವಿಂಗಡಿಸುವವನು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಒಣಗಿದೆಯೋ ಇಲ್ಲವೋ ಹೇಳಬಲ್ಲೆ. ಆ ಕೆಲಸ ಬಿಟ್ಟೆ. ಮಗಳು ರೂಪ ಹುಳಿಯಾರಿನಿಂದ ಗಂಡನ ಬೈಕಿನಲ್ಲಿ ದಿನ ಬಿಟ್ಟು ದಿನ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಮೂಗಿನ ಟ್ಯೂಬಿನಲ್ಲಿ ಗಂಜಿ ಬಿಡುವುದು ನನ್ನ ಕೆಲಸ. ಗಂಟಲಿನ ಕಫ ಎಳೆಯುವುದೂ ನನ್ನ ಕೆಲಸ. "ಪೈಪ್ ಜಾಸ್ತಿ ಒಳಗೆ ಹೋದ್ರೆ ಹಾರ್ಟ್ ನಿಧಾನ ಆಗುತ್ತೆ, ತಕ್ಷಣ ನಿಲ್ಲಿಸಿ" ಎಂದು ನರ್ಸ್ ಎಚ್ಚರಿಸಿದ್ದಳು. ಒಂದು ದಿನ ಹಾಗೇ ಆಯಿತು. ಬೆರಳಿನ ಮೀಟರಿನಲ್ಲಿ ಎಂಬತ್ತಿದ್ದ ಎದೆಬಡಿತ ನೋಡನೋಡುತ್ತ ನಲವತ್ತಕ್ಕೆ ಇಳಿಯಿತು. ಪೈಪ್ ಎಳೆದುಬಿಟ್ಟೆ. ಮತ್ತೆ ಏರಿತು.

ದಿಂಬಿಗೆ ಒರಗಿಸಿ ಕೂರಿಸಿದರೆ ಬಿಪಿ ಬಿದ್ದು ಕಣ್ಣು ಮೇಲಾಗುತ್ತಿತ್ತು. ಮಲಗಿಸಿದರೆ ಅವಳಿಗೆ ನಿದ್ದೆಯ ಭಯ. ಮೆಷಿನ್ ಸೇರಿಸಿದ್ದರೂ ರೆಪ್ಪೆ ಮುಚ್ಚುತ್ತಿರಲಿಲ್ಲ. "ನಾನಿದೀನಿ, ಮಲ್ಕೊ" ಎನ್ನುತ್ತಿದ್ದೆ. ನಂಬದವಳಂತೆ ನೋಡುತ್ತಿದ್ದಳು. ಹಗಲು ಮೆಷಿನ್ ತೆಗೆದಾಗ ತೂಕಡಿಸಿದರೆ ನಾನು ಕೆನ್ನೆ ತಟ್ಟಿ ಹೇಳಬೇಕು: "ಉಸಿರು ಎಳ್ಕೊ, ಗಿರಿಜ." ಎಳೆಯುವಳು. "ಇನ್ನೊಂದು." ಎಳೆಯುವಳು. ದಿನಕ್ಕೆ ಎಷ್ಟು ಸಲ ಹೇಳಿದೆನೋ.

ಅವಳನ್ನು ಎಚ್ಚರವಿಡಲು ಮಾತಾಡತೊಡಗಿದೆ. ಮದುವೆಯಾದಾಗಿನಿಂದ ಮನೆಯ ಮಾತೆಲ್ಲ ಅವಳದೇ ಆಗಿತ್ತು, ನಾನು ಹೂಂಗುಟ್ಟುವವನು. ಈಗ ಮಂಡಿಯಲ್ಲಿ ಯಾರು ಯಾರಿಗೆ ಏನಂದರು, ಚಿಕ್ಕಂದಿನಲ್ಲಿ ಬೋರನಕಣಿವೆ ಅಣೆಕಟ್ಟೆಯ ನೀರಿಗಿಳಿದು ನಾನು ಮುಳುಗುವುದರಲ್ಲಿದ್ದದ್ದು, ಅವಳನ್ನು ನೋಡಲು ಹೋದ ದಿನ ನನ್ನ ಅಂಗಿಗೆ ಗುಂಡಿಯಿಲ್ಲದೆ ಎದೆಗೆ ಟವೆಲ್ ಹೊದ್ದು ಕೂತಿದ್ದದ್ದು, ಎಲ್ಲ ಹೇಳಿದೆ. ಟವೆಲ್ಲಿನ ಕಥೆಗೆ ಅವಳ ಹೊಟ್ಟೆ ಕುಲುಕಿತು. ಸದ್ದಿಲ್ಲದ ನಗು. ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದ ಏಳನೆಯ ವಾರ ಜ್ವರ ಬಂತು. ಕಫ ಹಸಿರಾಯಿತು. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಔಷಧಿ ಹಿಡಿಯಲಿಲ್ಲ. ಎಚ್ಚರದಲ್ಲೂ ಅವಳ ಉಸಿರು ಸಾಲದಾಯಿತು.

"ಐಸಿಯುಗೆ ಹಾಕಿ ದೊಡ್ಡ ವೆಂಟಿಲೇಟರ್ ಹಚ್ಚಬಹುದು" ಎಂದರು ಅದೇ ಡಾಕ್ಟರು. "ಆದರೆ ಈ ಸಲ ಅದರಿಂದ ಹೊರಗೆ ಬರ್ತಾರೆ ಅನ್ನೋ ನಂಬಿಕೆ ನನಗಿಲ್ಲ. ಅವರಿಗೆ ಪೂರ್ತಿ ತಿಳಿವಳಿಕೆ ಇದೆ. ಅವರನ್ನೇ ಕೇಳೋಣ."

ಕೇಳಿದೆವು. ಗಿರಿಜ ನನ್ನ ಅಂಗೈ ಎಳೆದುಕೊಂಡು ಬೆರಳಿನಿಂದ ಬರೆದಳು. ಎರಡಕ್ಷರ.

ಮನೆ.

ರೂಪ ಗೋಡೆಗೆ ಮುಖ ಮಾಡಿ ಅತ್ತಳು. ವರಾಂಡಕ್ಕೆ ಬಂದು ನನ್ನ ಮೇಲೆ ರೇಗಿದಳು. "ಅವ್ವಂಗೆ ಜ್ವರದಾಗೆ ಏನ್ ತಿಳೀತದಪ್ಪ? ಬೆಂಗಳೂರಿಗೆ ಕರ್ಕೊಂಡೋಗನ. ನೀನೇ ಕೈ ಬುಟ್ರೆ ಹೆಂಗೆ?"

"ಎಲ್ರ ಮುಂದೆ ಮೂರು ಸಲ ಕೇಳಿದ್ರಲ್ಲವ್ವ. ಮೂರು ಸಲಾನೂ ಅದನ್ನೇ ಬರೆದ್ಲು."

ಡಾಕ್ಟರು ಸಂಕಟ ಕಡಿಮೆಯಾಗಲು ಔಷಧಿ ಕೊಟ್ಟರು. ಹೇಗೆ, ಯಾವಾಗ ಕೊಡಬೇಕೆಂದು ಬರೆದುಕೊಟ್ಟರು. ಮನೆಗೆ ಬಂದ ಮೂರನೆಯ ಬೆಳಿಗ್ಗೆ, ಬಿಸಿಲು ಹಜಾರದವರೆಗೆ ಬಂದಿತ್ತು, ಅವಳೇ ಕೈಯೆತ್ತಿ ಮೆಷಿನ್ನಿನ ಪೈಪನ್ನು ಕಳಚಿದಳು. ಮತ್ತೆ ಸೇರಿಸಲು ಹೋದೆ. ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಶಕ್ತಿ ಎಲ್ಲಿತ್ತೋ.

ಅವಳ ರೆಪ್ಪೆ ಇಳಿಯತೊಡಗಿತು. ನನ್ನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿ, ಬೇಡ ಎಂದು ತಲೆಯಾಡಿಸಿದಳು.

ನಾನು ಹೇಳಲಿಲ್ಲ.

ಅವಳ ಎದೆಯ ಮೇಲೆ ಅಂಗೈ ಇಟ್ಟು ಕೂತೆ. ಉಸಿರು ನಿಂತಿತು. ಎದೆ ಬಡಿಯುತ್ತಲೇ ಇತ್ತು. ಕೆಲವು ನಿಮಿಷ ಹಾಗೆ, ಯಾರ ಅಪ್ಪಣೆಯನ್ನೂ ಕಾಯದೆ, ಅದು ತನ್ನ ಪಾಡಿಗೆ ಬಡಿಯಿತು. ಈಗಲೂ ಹೇಳಿದರೆ ಎಳೆಯಬಹುದೇನೋ ಎನ್ನಿಸುತ್ತಿತ್ತು. ಪ್ರತಿ ಬಡಿತಕ್ಕೂ ಅನ್ನಿಸುತ್ತಿತ್ತು. ಆಮೇಲೆ ಅದು ಬಿಟ್ಟು ಬಿಟ್ಟು ಬಡಿಯಿತು. ಆಮೇಲೆ ನಿಂತಿತು.

ತೋಟದಲ್ಲಿ ಮಣ್ಣು ಮಾಡಿದೆವು. ರೂಪ ಎಲ್ಲ ಶಾಸ್ತ್ರಕ್ಕೂ ಬಂದಳು. ನನ್ನೊಡನೆ ಮಾತ್ರ ಮಾತಾಡಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದು, ಮುದ್ದೆ ತಿರುವಿ, ತಟ್ಟೆ ಮುಂದಿಟ್ಟು ಕೇಳಿದಳು. "ಅವತ್ತು ನೀನು ಉಸಿರು ಎಳ್ಕೊ ಅಂತ ಹೇಳ್ಲಿಲ್ವಾ ಅಪ್ಪ?"

"ಹೇಳ್ಲಿಲ್ಲ ಕಣವ್ವ."

ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಸಾರು ಬಡಿಸುತ್ತ ಅಂದಳು. "ಹೇಳಿದ್ರೂ ಕೇಳ್ತಿರ್ಲಿಲ್ಲ ಬುಡು. ಅವ್ವ ಯಾವತ್ತು ಯಾರ ಮಾತು ಕೇಳಿದ್ಲು?"

ತಾನೂ ತಟ್ಟೆ ಹಾಕಿಕೊಂಡು ಪಕ್ಕದಲ್ಲಿ ಕೂತಳು.

ನಾನು ಮಾಡಿದ್ದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಅಷ್ಟು ದಿನ ಅವಳೊಡನೆ ಮಾತಾಡಲು ಸಿಕ್ಕಿತಲ್ಲ, ಅದೊಂದನ್ನು ಮಾತ್ರ ಯಾರೂ ಕಿತ್ತುಕೊಳ್ಳಲಾರರು. ಊಟವಾದ ಮೇಲೆ ಮಗಳು ಪಾತ್ರೆ ತೊಳೆಯುವ ಸದ್ದು ಕೇಳುತ್ತ ಚಾಪೆಯ ಮೇಲೆ ಒರಗಿದೆ. ಎಷ್ಟೋ ತಿಂಗಳ ಮೇಲೆ, ಯಾರ ಉಸಿರನ್ನೂ ಕಾಯದೆ, ಎರಡು ಗಂಟೆ ಮಲಗಿದೆ.