ಟ್ಯಾಂಕಿನ ಪಕ್ಕದ ವೈಫೈ

ಮಾಕಳಿಯ ಬೈರಪ್ಪನವರು ನಮ್ಮ ಮನೆ ಓನರ್. ಅಪ್ಪನ ಕಾಲದ ರಾಗಿ ಹೊಲದಲ್ಲಿ ಮೂರಂತಸ್ತು ಕಟ್ಟಿಸಿ, ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟು, ತಾವು ಕೆಳಮನೆಯಲ್ಲಿದ್ದರು. ಬೆಳಿಗ್ಗೆ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸುವುದು, ಯಾರ ಮನೆಯ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಪತ್ತೆ ಹಚ್ಚಿ ಬೈಯುವುದು, ಇಷ್ಟೇ ಅವರ ಕೆಲಸ. ನೀರಿನ ವಿಷಯದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆ ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ.

2018ರಲ್ಲಿ ಊರಿಗೆ ಊರೇ ಮೊಬೈಲಿನ ಬಂದೂಕಿನ ಆಟಕ್ಕೆ ಬಿದ್ದಿತ್ತು. ನಾಲ್ಕು ಜನರ ತಂಡ, ಕೊನೆಯವರೆಗೆ ಬದುಕಿ ಉಳಿದವರು ಗೆದ್ದಂತೆ. ನಾನು, ಅದೇ ಕಟ್ಟಡದ ಎದುರುಮನೆಯ ಫಿಟ್ಟರ್ ಸಿದ್ದರಾಜು, ಅವನ ತಂಗಿ ವೇಣಿ, ಮೂವರಿದ್ದೆವು. ನಾಲ್ಕನೆಯವರಾಗಿ ತಾವಾಗಿಯೇ ಬಂದು ಸೇರಿದವರು ಅರವತ್ತು ದಾಟಿದ ಬೈರಪ್ಪನವರು. ಬೇಡ ಅನ್ನುವ ಧೈರ್ಯ ಯಾರಿಗಿತ್ತು?

ನಾವೆಲ್ಲ ಮೊಬೈಲ್ ಡೇಟಾದಲ್ಲೇ ಆಡುತ್ತಿದ್ದೆವು. ಕೆಳಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಬೈರಪ್ಪನವರು ಆಟಕ್ಕೆಂದೇ ವೈಫೈ ಹಾಕಿಸಿದ್ದರು. ಆದರೂ ಆಟದಲ್ಲಿ ಅವರು ಗೋಡೆಗೆ ಮುಖ ಮಾಡಿ ಕಂಬದಂತೆ ನಿಂತುಬಿಡುತ್ತಿದ್ದರು. ನೆಟ್ ಎಷ್ಟು ನಿಧಾನವೆಂದರೆ, ಗುಂಡು ತಿಂದು ಸತ್ತ ಮೇಲೆ ಅವರ ಫೋನಿನಲ್ಲಿ ಅವರ ಆಳು ಓಡಲು ಶುರುಮಾಡುತ್ತಿದ್ದ. ಎದುರಿಗೆ ಬಂದರೆ 'ಸಾರ್' ಎನ್ನುವ ಸಿದ್ದರಾಜು, ಫೋನಿನ ಮೈಕಿನಲ್ಲಿ ಮಾತ್ರ ಬೊಬ್ಬೆ ಹೊಡೆಯುತ್ತಿದ್ದ. "ಓಡು ಗುರು, ಓಡು! ಗೋಡೆಗೆ ಮುತ್ತು ಕೊಡ್ತಾ ನಿಂತಿದ್ದೀಯಲ್ಲ!"

ಕೊನೆಗೆ ಅವನ ತಾಳ್ಮೆ ತಪ್ಪಿತು. "ಭಾನುವಾರ ಲಗ್ಗೆರೆಯವ್ರ ಜೊತೆ ಮ್ಯಾಚಿದೆ ನಂದೀಶ. ಓನರ್ ಇನ್ನೊಂದ್ಸಲ ಹಿಂಗೇ ನಿಂತ್ರೆ ತೆಗೆದುಬಿಟ್ಟು ನಮ್ಮ ಫ್ಯಾಕ್ಟರಿ ಅಂಬರೀಶನ್ನ ಹಾಕ್ಕೊಳ್ತೀನಿ. ನಾನು ಬಾಡಿಗೆಗಿರೋದು ಅವ್ರ ಮನೇಲಿ, ಅವ್ರಿರೋದು ನನ್ನ ಟೀಮಲ್ಲಿ."

ಗೋಡೆಗಳಿಗೆ ಕಿವಿಯಿತ್ತೋ ಏನೋ, ಸುದ್ದಿ ಕೆಳಮನೆಗೆ ಹೋಯಿತು. ಬೈರಪ್ಪನವರು ಹೊಸ ಫೋನ್ ತಂದರು. ಮಿಕ್ಸಿ ಹಾಕಿದರೆ ನೆಟ್ ಅಲುಗಾಡುತ್ತದೆಂದು ಹೆಂಡತಿ ವೆಂಕಟಮ್ಮನವರ ಚಟ್ನಿ ನಿಲ್ಲಿಸಿದರು. ಕೇಬಲ್ ಹಾಕಿದ ನಲ್ಲಪ್ಪನಿಗೆ ಬೈದೂ ಬೈದೂ, ಅವನು ಫೋನ್ ಎತ್ತುವುದನ್ನೇ ಬಿಟ್ಟ. ವೆಂಕಟಮ್ಮ ಫೋನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, "ಈ ಮುದುಕ್ರಿಗೆ ಯಾವೋಳ ಕಣ್ಣು ಬಿದ್ದಿರ್ತೈತೆ" ಎಂದು ತಾವೇ ನಕ್ಕರು.

ಶನಿವಾರ ಸಂಜೆ ಅವರು ನಮ್ಮ ಬಾಗಿಲಿಗೆ ಬಂದು ನಿಂತರು. ಆ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

"ನಂದೀಶ, ನನ್ನ ಕಂಡ್ರೆ ನೀವೆಲ್ಲ ಮಾತು ನಿಲ್ಸಿ ಒಳಿಕ್ಕೋಯ್ತೀರ. ಆಟದಾಗೆ ಮಾತ್ರ ನಂಗೂ ಬೈತೀರ. ಅದೊಂದು ಚೆಂದಾಗೈತೆ ಕಣಪ್ಪ. ಟೀಮಿಂದ ತೆಗೀಬ್ಯಾಡ ಅಂತ ಸಿದ್ದರಾಜುಗೆ ಒಸಿ ಯೋಳು."

"ಮೊದ್ಲು ನೆಟ್ ನೋಡೋಣ ಸಾರ್. ವೈಫೈ ಡಬ್ಬ ಎಲ್ಲಿಟ್ಟಿದ್ದೀರಾ?"

"ಮ್ಯಾಲೆ. ಟ್ಯಾಂಕ್ ಪಕ್ಕ."

ಹೋಗಿ ನೋಡಿದೆ. ಛಾವಣಿಯ ಮೇಲೆ, ನೀರಿನ ಟ್ಯಾಂಕಿನ ಕಟ್ಟೆಯಲ್ಲಿ, ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಅದರಡಿ ವೈಫೈ ಡಬ್ಬವನ್ನು ಕೂರಿಸಿದ್ದರು. ಹಾಲ್‌ನಲ್ಲಿ ಹಾಕುತ್ತೇನೆಂದ ನಲ್ಲಪ್ಪನಿಗೆ ಜೋರು ಮಾಡಿ, ಅಲ್ಲಿಯೇ ಹಾಕಿಸಿದ್ದಂತೆ.

"ಟ್ಯಾಂಕ್ ಎತ್ತರ ಇದ್ದಷ್ಟೂ ನಲ್ಲೀಲಿ ಫೋರ್ಸು. ನೀರ್ಗೇ ಇಂಗೆ ಅಂದ್ಮೇಲೆ ನೆಟ್ಟೇನು ಬ್ಯಾರೆನಾ?" ಎಂದರು, ನಾನೇ ದಡ್ಡನೆಂಬಂತೆ.

ಮೂರು ಕಾಂಕ್ರೀಟ್ ಛಾವಣಿ ದಾಟಿ ಕೆಳಮನೆ ಮುಟ್ಟುವಷ್ಟರಲ್ಲಿ ಆ ನೆಟ್‌ಗೆ ಜೀವವೇ ಉಳಿಯುತ್ತಿರಲಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ನನಗೂ ಉಳಿದಿರಲಿಲ್ಲ. ಕೇಬಲನ್ನು ಕೆಳಗಿಳಿಸಲು ನಲ್ಲಪ್ಪನೇ ಬರಬೇಕು, ಅವನು ಫೋನ್ ಎತ್ತುತ್ತಿಲ್ಲ. ಡಬ್ಬ ಇಳಿಯದಿದ್ದರೆ ಓನರೇ ಹತ್ತಬೇಕು ಎಂದು ತೀರ್ಮಾನವಾಯಿತು.

ಭಾನುವಾರ ಟ್ಯಾಂಕಿನ ಕಟ್ಟೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ, ತಲೆಗೆ ಟವೆಲ್ ಸುತ್ತಿ ಬೈರಪ್ಪನವರು ಕುಳಿತರು. ನಾವು ಮೂವರೂ ಅಲ್ಲಿಯೇ ಕುಳಿತೆವು. ಬಕೆಟ್ ತೆಗೆದಿದ್ದೆ. ನೆಟ್ ಎಲ್ಲೂ ತಡೆಯಲಿಲ್ಲ. ಅವರು ಓಡಿದರು, ಕಿಟಕಿ ಹಾರಿದರು, ಬಂದೂಕು ಎತ್ತಿಕೊಂಡರು. ಸಿದ್ದರಾಜು ಕೂಡ ಹುಬ್ಬೇರಿಸಿದ. ಕೊನೆಗೆ ಲಗ್ಗೆರೆಯವರಲ್ಲಿ ಒಬ್ಬನೇ ಉಳಿದ, ನಾವು ನಾಲ್ವರೂ ಒಂದೇ ಕೋಣೆಯಲ್ಲಿ ಅಡಗಿದ್ದೆವು.

ಆಗ ಬೈರಪ್ಪನವರು ಬಾಂಬ್ ತೆಗೆದರು. ಹೊರಗೆಸೆಯುವ ಬದಲು ನಮ್ಮ ಕಾಲ ಬುಡಕ್ಕೇ ಬಿಟ್ಟರು. ನಾಲ್ವರೂ ಒಟ್ಟಿಗೆ ಸತ್ತೆವು. ನೆಟ್ ಅಚ್ಚುಕಟ್ಟಾಗಿತ್ತು. ನಮ್ಮ ಓನರಿಗೆ ಆಟ ಬರುತ್ತಿರಲಿಲ್ಲ, ಅಷ್ಟೆ.

ಸಿದ್ದರಾಜು ಕುರ್ಚಿಯ ಮುಂದೆ ಹೋಗಿ ನಿಂತ. ಈ ಸಲ ಮಧ್ಯೆ ಮೈಕು ಇರಲಿಲ್ಲ.

"ಲೇ ಮುದುಕಪ್ಪ! ಯಾವನೋ ನಿಂಗೆ ಬಾಂಬ್ ಕೊಟ್ಟಿದ್ದು? ನಾಳೆಯಿಂದ ಅದನ್ನ ಮುಟ್ಟಿ ನೋಡು, ಕೈ ಮುರೀತೀನಿ!"

ಅಂದವನೇ ಬಾಯಿಗೆ ಕೈ ಅಡ್ಡ ಹಿಡಿದ. ವೇಣಿ ಅಣ್ಣನ ಅಂಗಿ ಜಗ್ಗಿದಳು. ಇನ್ನು ಬೇರೆ ಮನೆ ಹುಡುಕಬೇಕಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಬೈರಪ್ಪನವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. ಆಮೇಲೆ, ಸುಳ್ಳಾಗದಿರಲಿ ಎಂದು ಬೇಡಿಕೊಳ್ಳುವವರಂತೆ ಮೆಲ್ಲಗೆ ಕೇಳಿದರು: "ನಾಳೆಯಿಂದ ಅಂದ್ಯಲ್ಲ ಸಿದ್ದರಾಜು... ಅಂಗಾರೆ ನಾಳೆನೂ ನಾನು ಇದ್ದೀನಾ?"

ಸಿದ್ದರಾಜು ನನ್ನ ಮುಖ ನೋಡಿದ, ಅವರ ಮುಖ ನೋಡಿದ.

"ಏಳ್ ಗಂಟೆಗೆ ಬಾ," ಎಂದ.