ಲಾಳಿಗೆ ಕಾವು ಕೊಟ್ಟ ಕೋಳಿ

ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ, ನೀವು ನಂಬಿದ್ರ ನನಗೇನು ರೊಟ್ಟಿ ಸಿಗೂದಿಲ್ಲ. ಆದ್ರ ಇದು ನನ್ನ ಮನ್ಯಾಗ, ನನ್ನ ಕಣ್ಣ ಮುಂದ ಆಗಿದ್ದು. ಯಾರೋ ಹೇಳಿದ್ದಲ್ಲ, ಕನಸಲ್ಲ. ಕನಸಿಗೆ ನಾತ ಇರೂದಿಲ್ರಿ... ಇದಕ್ಕ ಇತ್ತು. ಇನ್ನೂ ಐತಿ. ಸಬಕಾರ ಹಚ್ಚಿ ತೊಳದ ಕೈಲೇ ಇದನ್ನ ಒತ್ತಾಕತ್ತೇನಿ. ಬೆರಳು ಮೂಗಿನ ಹತ್ರ ಬಂತಂದ್ರ ಮುಖ ಆ ಕಡೆ ತಿರುವತೇನಿ.

ಫೋನಿನ್ಯಾಗ ಬರಿಯೂದು ಮೊಮ್ಮಗಳು ಸುಮಾ ಕಲಿಸ್ಯಾಳ. ಒಂದು ಅಕ್ಷರ ಒತ್ತಿದ್ರ ಇನ್ನೊಂದು ಬರತೈತಿ, ತಪ್ಪಿದ್ದಲ್ಲಿ ನೀವ ಸರಿ ಮಾಡ್ಕೊಂಡು ಓದ್ರಿ. ಅಕಿ ಈಗ ಮಕ್ಕೊಂಡಾಳ, ಮಗ್ಗಲಾಗ ಕೂಸೈತಿ. ಅಕಿ ಏಳೂದ್ರೊಳಗ ಬರದ ಮುಗಿಸಬೇಕು. ಅಕಿಗೆ ಇದೆಲ್ಲಾ ನಾ ಹೇಳಿಲ್ಲ.

ನಮ್ಮ ಮನಿ ಇಳಕಲ್ಲದಾಗ. ನೇಕಾರ ಮನಿ. ನನ್ನ ಗಂಡ ಇರೂತನ ಹಿಂದಿನ ಖೋಲ್ಯಾಗ ಕುಣಿಮಗ್ಗ ಇತ್ತು. ಕುಣಿ ಅಂದ್ರ ನೇಯವ್ರು ಕಾಲು ಇಳಿಬಿಟ್ಟು ಕುಂದ್ರೂ ತಗ್ಗು. ಅಂವ ಹೋದಮ್ಯಾಲ ಮಗ ಮಗ್ಗಾ ಬಿಚ್ಚಿ ಮಾರಿದ, ತಗ್ಗು ಯಾರ ತೊಗೋತಾರ? ಅದು ಉಳೀತು. ಅದರಾಗ ಒಂದು ಹಳೇ ಲಾಳಿನೂ ಉಳೀತು. ನೂಲು ಹೊತ್ಕೊಂಡು ಆ ಕಡಿಂದ ಈ ಕಡಿ ಓಡೂ ಕಟಗೀದು, ನನ್ನ ಗಂಡನ ಕೈಯಾಗ ಸವದು ಸವದು ತತ್ತಿ ಹಂಗ ನುಣ್ಣಗಾಗಿತ್ತು.

ಆ ಖೋಲಿ ದಾಟಿದ್ರ ಹಿತ್ತಲ, ಹಿತ್ತಲದಾಗ ನನ್ನ ಜವಾರಿ ಕೋಳಿ. ಅದರಾಗ ಒಂದು ಕರಿ ಹ್ಯಾಟಿ, ಸಾವ್ಕಾರ್ತಿ ಅಂತ ಹೆಸರಿಟ್ಟಿದ್ನಿ. ನಡಿಗಿನ ಹಂಗ, ಮೈತುಂಬ ಬಂಗಾರ ಹಾಕ್ಕೊಂಡು ಮದವಿಗೆ ಹೊಂಟಂಗ.

ಈ ಬ್ಯಾಸಿಗ್ಯಾಗ ಸಾವ್ಕಾರ್ತಿ ಕಾವಿಗೆ ಕುಂತ್ಳು. ಬ್ಯಾಸಿಗ್ಯಾಗ ನಮ್ಮ ಕಡೆ ಕೋಳಿ ಕೆಳಗ ತತ್ತಿ ಇಡೂದಿಲ್ರಿ. ಈ ಬಿಸಲಿಗೆ ತತ್ತಿ ಕೊಳೀತಾವ, ಮರಿ ಆಗೂದಿಲ್ಲ. ಅದಕ್ಕ ನಾ ಇದ್ದ ತತ್ತಿ ಎಲ್ಲಾ ತಗದ್ನಿ. ಆದ್ರ ಅಕಿ ಬಿಡಬೇಕಲ್ಲ? ಕುಣ್ಯಾಗ ಇಳದು, ಆ ಲಾಳಿನ ಹೊಟ್ಟಿ ಕೆಳಗ ಹಾಕ್ಕೊಂಡು ಕುಂತ್ಳು.

ಕಾವಿಗೆ ಕುಂತ ಕೋಳಿ ನೋಡೀರೇನ್ರಿ? ಛೀ. ದಿನಕ್ಕ ಒಮ್ಮೆ ಏಳತೈತಿ, ದಿನದ್ದೆಲ್ಲಾ ತಡಕೊಂಡಿದ್ದನ್ನ ಒಮ್ಮೆಲೇ ಹಾಕತೈತಿ. ಮುಷ್ಟಿಯಷ್ಟು ಹಿಕ್ಕಿ, ಹಸರು, ಲೊಳಿಲೊಳಿ. ಆ ನಾತಕ್ಕ ನಾಯಿ ಸೈತ ಸುತ್ತ ಹಾಕಿ ಹೋಗತೈತಿ. ಎದಿ ಪುಕ್ಕ ತಾನ ಕಿತ್ಕೊಂಡು ಬರೇ ಕೆಂಪ ತೊಗಲು. ಮ್ಯಾಲ ಹೇನು. ಎತ್ತಾಕ ಹೋದ್ರ ಕೈಮ್ಯಾಗ ಹರೀತಾವ, ಕೈಯಿಂದ ತೋಳಿಗೆ, ತೋಳಿಂದ ಕುಬಸದಾಗ... ಮುಂದ ಹೇಳೂದಿಲ್ಲ, ನೀವು ಉಂಡೀರೋ ಇಲ್ಲೋ.

ಇಂಥಾದ್ರಾಗ ಸುಮಾ ಬಂದ್ಳು. ಗಂಡನ ಮನಿ ನವನಗರ, ಚೊಚ್ಚಲ ಬಸುರಿ, ಹಡಿಯಾಕ ತವರಿಗೆ ಬಂದಿದ್ಲು. ಮನ್ಯಾಗ ತಂಪಿರೂದು ಆ ಮಗ್ಗದ ಖೋಲಿ ಒಂದ, ಅಲ್ಲೇ ಅಕಿ ಮಕ್ಕೊಳ್ಳಾಕ ಹೊರಸು ಹಾಕಿದ್ವಿ. ಕುಣಿ ತೊಳದ್ನಿ, ಫಿನಾಯಿಲ್ ಹಾಕಿದ್ನಿ, ಲೋಬಾನದ ಹೊಗಿ ಹಾಕಿದ್ನಿ. ನಾತ ಹೋಗವಲ್ದು. ಅಕಿ ತಾಟಿನ ಮುಂದ ಕುಂತ್ರ ಸಾಕು, ಎದ್ದು ಓಡಿ ಕಾರೂದು. ಕೂಸು ಸಣ್ಣದೈತಿ, ಚಲೋತ್ನಾಗಿ ಉಣ್ಣಸ್ರಿ ಅಂತ ದವಾಖಾನ್ಯಾಗ ಹೇಳಿ ಕಳಿಸಿದ್ರು. ಎಲ್ಲಿ ಉಣ್ಣಸಲಿ? ತುತ್ತು ಒಳಗ ಹೋಗೂದಕ್ಕಿಂತ ಹೊರಗ ಬರೂದ ಜಾಸ್ತಿ. ಕೆನ್ನಿ ಒಳಗ ಹೋಗಿದ್ವು, ಹೊಟ್ಟಿ ಒಂದ ಮುಂದ ಬಂದಿತ್ತು.

ಅಕಿ ನೋಡಿದ್ರ ನಗತಿದ್ಲು. "ಇರ್ಲಿ ಬಿಡ ಆಯಿ. ಅಕಿನೂ ಕುಂತಾಳ, ನಾನೂ ಕುಂತೇನಿ. ಇಬ್ರದೂ ಒಂದ ಕೆಲಸ."

ಕೋಳಿನ ತಣ್ಣೀರಾಗ ಅದ್ದಿ ತಗದ್ನಿ. ಕಾಲಿಗೆ ಹಗ್ಗ ಕಟ್ಟಿ ಬಯಲಾಗ ಬಿಟ್ನಿ. ಹಗ್ಗ ಬಿಚ್ಚಿದ್ದ ತಡ, ಸೀದಾ ಕುಣಿಗೆ. ಇನ್ನ ಉಳದದ್ದು ಒಂದ ಹಾದಿ, ಮೂಗಿಗೆ ಪುಕ್ಕ. ಕೋಳಿದ ಒಂದು ಪುಕ್ಕ ಕಿತ್ತು, ಒಂದು ಹೊಳ್ಳ್ಯಾಗ ತೂರಿಸಿ ಇನ್ನೊಂದು ಹೊಳ್ಳ್ಯಾಗ ಹೊರಗ ತಗದು ಅಲ್ಲೇ ಹಂಗ ಬಿಡೂದು. ಕೋಳಿ ಅದನ್ನ ತಗಿಯೂ ಧ್ಯಾಸದಾಗ ಕಾವು ಮರೀತೈತಿ. ನಮ್ಮವ್ವ ಮಾಡತಿದ್ಲು, ನಾನೂ ಮಾಡೇನಿ.

ಅವತ್ತು ಮಗ ಸೊಸಿ ಕೆರೂರಾಗ ಮದವಿಗೆ ಹೋಗಿದ್ರು, ರಾತ್ರಿ ಅಲ್ಲೇ ವಸ್ತಿ. ಮನ್ಯಾಗ ನಾನು, ಸುಮಾ ಇಬ್ರ. ಸಂಜಿಮುಂದ ಗ್ವಾಡಿ ಆಚಿ ಮನಿ ಮಾಬವ್ವನ್ನ ಕರದ್ನಿ. ಅಕೀದೂ ಕೋಳಿ ಅದಾವ, ನಮ್ಮದು ಹಿಂದಿನಿಂದ ಕೊಡೂ ತೊಗೊಳ್ಳೂ ಗೆಳೆತನ.

ಮಾಬವ್ವ ರೆಕ್ಕಿ ಹಿಡದ್ಳು, ಆದ್ರ ಮುಖ ಯಾಕೋ ಸಣ್ಣದಾಗಿತ್ತು. "ಯಕ್ಕಾ, ಬಸುರಿ ಇದ್ದ ಮನ್ಯಾಗ ಕಾವು ಮುರೀಬಾರ್ದು ಅಂತಿದ್ಲು ನಮ್ಮತ್ತಿ."

"ನಿಮ್ಮತ್ತಿ ಸೊಸಿ ನಗಬಾರ್ದು ಅಂತನೂ ಅಂತಿದ್ಲು. ನೀ ಏನು ಕೇಳಿದೇನು? ಗಟ್ಟ್ಯಾಗಿ ಹಿಡಿ."

ಪುಕ್ಕ ತೂರಿಸಿದ್ನಿ. ಆ ಕಡಿಂದ ಹಳದಿ ಸಿಂಬಳ ಹತ್ಕೊಂಡು ಹೊರಗ ಬಂತು. ಕೋಳಿ ಒದರಲಿಲ್ಲ, ಒದ್ದಾಡಲಿಲ್ಲ. ಕುತ್ತಗಿ ತಿರುವಿ, ಒಂದ ಕಣ್ಣಿಂದ ನನ್ನ ನೋಡಿತು. ಹಿತ್ತಲದಾಗ ಕೋಳಿ ಮ್ಯಾಲ ಬುಟ್ಟಿ ಡಬ್ಬ ಹಾಕಿ, ಬುಟ್ಟಿ ಮ್ಯಾಲ ರುಬ್ಬೂ ಗುಂಡಕಲ್ಲು ಇಟ್ನಿ. ಮಾಬವ್ವ ಕೈ ತೊಳಕೊಂಡು, ಮೂಸಿ ನೋಡಿ, ಮತ್ತ ತೊಳಕೊಂಡು ಮನಿಗೆ ಹೋದ್ಲು.

ಸುಮಾ ಅವತ್ತ ಒಂದೆರಡು ತುತ್ತು ಮಜ್ಜಿಗಿ ಅನ್ನ ಉಂಡು ಮಕ್ಕೊಂಡ್ಳು. ಹೊರಸಿನ ಬಾಜು ಚಾಪಿ ಹಾಸಿ ನಾ ಅಡ್ಡಾದ್ನಿ. ಕರೆಂಟ್ ಹೋತು. ಫ್ಯಾನ್ ನಿಂತಮ್ಯಾಲ ಖೋಲಿ ಗಪ್ಪ ಆತು...

ಕರ್ರ್... ಕರ್ರ್... ಕ್ಲಕ್.

ಕಾವಿನ ಕೋಳಿ ದನಿ. ಹತ್ರ ಹೋದ್ರ ಮೈ ಉಬ್ಬಿಸಿ ಗಂಟಲದಾಗ ಮಾಡತಾವಲ್ಲ, ಅದ. ಹಾಳಾದಾಕಿ ಬುಟ್ಟಿ ಉರುಳಿಸಿ ಬಂದ್ಳು ಅನ್ಕೊಂಡು ಎದ್ನಿ. ಫೋನಿನ ಬೆಳಕು ಹಚ್ಚಿ ಕುಣ್ಯಾಗ ಇಣಕಿದ್ನಿ.

ಕೋಳಿ ಇಲ್ಲ. ಲಾಳಿ ಒಂದ.

ಕೈ ಹಾಕಿ ಮುಟ್ಟಿದ್ನಿ. ಬೆಚ್ಚಗಿತ್ತು. ಬ್ಯಾಸಿಗಿ ಬಿಸಿ ಅಲ್ರಿ ಅದು... ಆಗಷ್ಟ ಯಾವುದೋ ಹೊಟ್ಟಿ ಕೆಳಗಿಂದ ತಗದಂಗ. ಹಸಿ ಹಸಿ. ಬೆರಳಿಗೆ ಅಂಟು ಹತ್ತಿತು. ಕೊಳತ ತತ್ತಿ ನಾತ ಭಗ್ಗಂತ ಮೂಗಿಗೆ ಹೊಡೀತು. ಆ ಕುಣ್ಯಾಗ ಒಂದೂ ತತ್ತಿ ಇಲ್ಲ!

ಹಿತ್ತಲ ಬಾಗ್ಲಾ ತಗದು ನೋಡಿದ್ನಿ. ಬುಟ್ಟಿ ಇಟ್ಟಲ್ಲೇ ಐತಿ. ಕಲ್ಲು ಇಟ್ಟಲ್ಲೇ ಐತಿ.

ನನ್ನ ಬೆನ್ನ ಹಿಂದ ಮತ್ತ... ಕರ್ರ್.

ಹೊರಸಿನ ಮ್ಯಾಗಿಂದ.

ಬೆಳಕು ತಿರುವಿದ್ನಿ. ಸುಮಾ ಎದ್ದು ಕುಂತಿದ್ಲು. ಕುಕ್ಕರಗಾಲಿಲೇ, ನೈಟಿ ಸುತ್ತ ಹರವಿ, ಎರಡೂ ತೋಳು ಮೈಗೆ ಒತ್ತಿ, ಹೊಟ್ಟಿ ಮ್ಯಾಲ ಬಾಗಿ. ಕಣ್ಣು ಅರ್ಧ ತಗದಿದ್ವು. ಆದ್ರ ಮ್ಯಾಲಿನ ರೆಪ್ಪಿ ಇಳದಿರಲಿಲ್ರಿ... ಕೋಳಿ ಕಣ್ಣಿನಂಗ ಕೆಳಗಿನ ರೆಪ್ಪಿ ಮ್ಯಾಲ ಏರಿತ್ತು. ಮೂಗಿನ ಎರಡೂ ಹೊಳ್ಳಿಂದ ರಕ್ತ ಇಳದು ತುಟಿ ಮ್ಯಾಲ ಕೂಡಿತ್ತು.

"ಆಯಿ," ಅಂದ್ಳು, ಸಣ್ಣ ದನಿಲೇ, "ಮೂಗಿನ್ಯಾಗ ಏನೋ ಸಿಕ್ಕೈತಿ."

ಸೆರಗಿನಿಂದ ಒರಸಿದ್ನಿ. ಏನೂ ಇಲ್ಲ.

"ಕೂಸು ತಣ್ಣಗಾಗಾಕತ್ತೈತಿ ಆಯಿ."

ಹೊಟ್ಟಿ ಮ್ಯಾಲ ಕೈ ಇಟ್ನಿ. ಹಗಲೆಲ್ಲಾ ಒದ್ದು ಒದ್ದು ಜೀವಾ ತಿನ್ನೂ ಕೂಸು, ಮಿಸುಕವಲ್ದು. ಅಂಥಾ ಧಗ್ಯಾಗ ಅಕಿ ಹೊಟ್ಟಿ ನೀರಿನ ಕೊಡ ಮುಟ್ಟಿದಂಗ ತಣ್ಣಗ.

ಓಣಿ ಆಟೋದವಂಗ ಫೋನ್ ಹಚ್ಚಿದ್ನಿ. ಬರ್ತೇನಿ ಅಂದ. ಅಂವ ಬರೂತನ ಕುಂದ್ರಾಕ ಆಗಲಿಲ್ಲ ನನಗ. ಮಾಬವ್ವನ ಮಾತು ತಲ್ಯಾಗ ಗುಂಯ್ ಅಂತಿತ್ತು. ಹಿತ್ತಲಕ್ಕ ಓಡಿದ್ನಿ. ಕಲ್ಲು ಉರುಳಿಸಿ ಬುಟ್ಟಿ ಎತ್ತಿದ್ನಿ. ಸಾವ್ಕಾರ್ತಿ ಕುತ್ತಗಿ ಚಾಚಿ ಒಂದ ಮಗ್ಗಲಾ ಬಿದ್ದಿದ್ಲು. ಪುಕ್ಕ ಹಿಡದು ಜಗ್ಗಿದ್ನಿ. ಉದ್ದಕ್ಕ ಲೋಳಿ, ರಕ್ತ, ಎಳಿ ಎಳಿಯಾಗಿ ನನ್ನ ಮುಂಗೈತನ ಇಳೀತು.

ಪುಕ್ಕ ಹೊರಗ ಬಂದದ್ದಕ್ಕೂ, ಖೋಲ್ಯಾಗ ಸುಮಾ ಸೀನಿದ್ದಕ್ಕೂ ಒಂದ ಗಳಿಗಿ.

"ಮಾಬವ್ವಾ, ತತ್ತಿ ಕೊಡ. ಇದ್ದಷ್ಟು ಕೊಡ." ಗ್ವಾಡಿ ಮ್ಯಾಲಿಂದ ಕೂಗಿದ್ನಿ.

ಯಾಕ ಅಂತ ಕೇಳಲಿಲ್ಲ ಪುಣ್ಯಾತಗಿತ್ತಿ. ಸೆರಗಿನ್ಯಾಗ ಕಟ್ಕೊಂಡ ಬಂದ್ಳು. ಕುಣ್ಯಾಗ ಹುಲ್ಲು ಹಾಸಿ, ಗುಡುಗಿಗೆ ತತ್ತಿ ಕೆಡಬಾರದಂತ ಒಂದು ಕಬ್ಬಣದ ಮೊಳಿ, ಒಂದು ತುಂಡು ಇದ್ದಲಿ ಇಟ್ಟು, ಲಾಳಿ ಸುತ್ತ ತತ್ತಿ ಜೋಡಿಸಿದ್ವಿ. ಕೋಳಿನ ಒಳಗ ಬಿಟ್ರ ಕುಂದ್ರವಲ್ದು. ಕಾಲು ಗಟ್ಟಿ ಮಾಡಿ ನಿಂತು ನನ್ನ ನೋಡತೈತಿ. ಅದ ಒಂದ ಕಣ್ಣು.

ಈ ವಯಸ್ಸಿನ್ಯಾಗ ಕೋಳಿಗೆ ಕೈ ಮುಗದೇನ್ರಿ ನಾ. "ಕುಂದ್ರ ನಮ್ಮವ್ವ. ಇನ್ನ ನಿನ್ನ ಮುಟ್ಟೂದಿಲ್ಲ. ಕುಂದ್ರ."

ಭಾಳೊತ್ತು ನಿಂತಳು. ಆಮ್ಯಾಲ ಮೈ ಉಬ್ಬಿಸಿ, ರೆಕ್ಕಿ ಅಗಲಿಸಿ, ಮೆಲ್ಲಕ ಇಳದು ಕುಂತ್ಳು. ಕರ್ರ್... ಅಂದ್ಳು.

ಹೊರಸಿನ ಮ್ಯಾಗಿಂದ ಸುಮಾ, "ಆಯಿ... ಒದೀತು."

ಆಟೋ ಬಂತು, ದವಾಖಾನಿಗೆ ಹೋದ್ವಿ. ಕೂಸಿನ ಎದಿ ಬಡಿತ ಛಲೋ ಐತಿ, ಮೂಗಿನ ರಕ್ತ ಬ್ಯಾಸಿಗಿಗೆ ಬಂದದ್ದು ಅಂದ್ರು. ನರ್ಸಬಾಯಿ ಮೂಗು ಮುಚ್ಚಿ, ಏನ್ ನಾತರೀ ಇದು ಅಂತ ಕೇಳಿದ್ಲು. ಅತ್ತರ ಅಂದ್ನಿ.

ಮುಂದಿನ ಮೂರ ವಾರ ನಾ ಹೆಂಗ ಕಳದ್ನಿ, ನನಗ ಗೊತ್ತು. ಬಿಸಲಿಗೆ ತತ್ತಿ ಒಂದೊಂದ ಕೊಳ್ಯಾಕ ಹತ್ತಿದ್ವು. ತಗಿಯಾಕ ಧೈರ್ಯ ಇಲ್ಲ. ಯಾವುದರಾಗ ಜೀವ ಐತೋ, ಯಾವುದು ತಗದ್ರ ಏನಾಗತೈತೋ. ಒಂದಿನ ನಾ ನೀರಿಡಾಕ ಬಾಗಿದಾಗ ಒಂದು ತತ್ತಿ ಢಬ್ ಅಂತ ಒಡೀತು. ಕರಿ ಹಸರು ನೀರು, ಅದರಾಗ ಅರ್ಧ ಆದ ಪುಕ್ಕ, ಎಲ್ಲಾ ನನ್ನ ಮುಖದ ಮ್ಯಾಲ. ಬಾಯಿ ತಗದಿದ್ನಿ ಬ್ಯಾರೆ. ಅವತ್ತಿಂದ ತತ್ತಿ ತಿಂದಿಲ್ಲ ನಾ, ಇನ್ನ ತಿನ್ನೂದೂ ಇಲ್ಲ.

ಸೊಸಿ ಕೋಳಿ ಒಗೀರಿ ಅಂತ ದಿನಾ ಜಗಳ. ನಾ ಕಿವುಡಿ ಆದ್ನಿ.

ಆದ್ರ ಸುಮಾ ಒಂದ ದಿನಾನೂ ಕಾರಲಿಲ್ರಿ. ರೊಟ್ಟಿ, ಪುಂಡಿಪಲ್ಯೆ, ಜ್ವಾಳದ ನುಚ್ಚು, ಕೊಟ್ಟದ್ದೆಲ್ಲಾ ಉಂಡ್ಳು, ಆ ನಾತದಾಗ ಕುಂತ. ಬಾಗ್ಲಾ ತಗೀಲೇನವ್ವ ಅಂದ್ರ ಬ್ಯಾಡ ಅಂತಿದ್ಲು. "ಛಲೋ ವಾಸನಿ ಐತಿ ಆಯಿ" ಅಂದ್ಳು ಒಮ್ಮೆ. ನಕ್ಕೋತ ಅನ್ನಲಿಲ್ಲ.

ಬ್ಯಾನಿ ಸುರು ಆದ ನಸಿಕಿನ್ಯಾಗ, ಅಕಿನ್ನ ಆಟೋಕ್ಕ ಹತ್ತಸೂ ಮುಂದ ಕುಣ್ಯಾಗ ಇಣಕಿದ್ನಿ. ಉಳದ ಒಂದ ಗಟ್ಟಿ ತತ್ತಿಗೆ ಸೀಳು ಬಿದ್ದಿತ್ತು, ಒಳಗಿಂದ ಟಿಕ್ ಟಿಕ್ ಸಪ್ಪಳ. ಮಧ್ಯಾಹ್ನ ದವಾಖಾನ್ಯಾಗ ಹೆಣ್ಣು ಕೂಸು ಹುಟ್ಟಿತು. ಮನಿಗೆ ಬಂದು ನೋಡಿದ್ರ ಸಾವ್ಕಾರ್ತಿ ಒಂದ ಮರಿ ಕಟ್ಕೊಂಡು ಹಿತ್ತಲದಾಗ ಕೆದರಾಕತ್ತಿದ್ಲು. ಕುಣಿ ಕಡೆ ಹೊಳ್ಳಿ ನೋಡಲಿಲ್ಲ, ಇವತ್ತಿಗೂ ನೋಡೂದಿಲ್ಲ.

ಹೊಲಸೆಲ್ಲಾ ಬಳದು ಒಗದು, ಕುಣಿ ಸಾರಿಸಿದ್ನಿ. ಮುಗೀತು ಅನ್ಕೊಂಡ್ನಿ.

ಈಗ ಬಾಣಂತನ ನಡದೈತಿ, ಅದ ಖೋಲ್ಯಾಗ. ಕೂಸು ಜೋಗುಳಕ್ಕ ಮಲಗೂದಿಲ್ಲ, ತೊಟ್ಟಿಲಾ ತೂಗಿದ್ರೂ ಇಲ್ಲ. ಅತ್ತು ಅತ್ತು ನೀಲಿ ಆಗತೈತಿ. ಆಮ್ಯಾಲ ರಾತ್ರಿ ಕತ್ತಲದಾಗ ಸಣ್ಣಗ ಕರ್ರ್... ಕರ್ರ್... ಅಂತ ಸುರು ಆಗತೈತಿ. ಗಪ್ಪನ ಮಲಗತೈತಿ ಕೂಸು. ಸುಮಾನ ಮಾಡಾಕತ್ತಾಳ, ತಾಯಿ ಅಲ್ಲೇನು, ಹೆಂಗಾರ ಮಲಗಿಸ್ಲಿ ಅಂತ ಮುಸುಕು ಎಳಕೊಂಡು ಸುಮ್ಮನಿರತಿದ್ನಿ.

ಇವತ್ತ ಮುಂಜಾನೆ ಎಣ್ಣಿ ಹಚ್ಚೂಮುಂದ ಕೇಳಿಬಿಟ್ನಿ. ಏನವ್ವ, ರಾತ್ರಿ ಕೋಳಿ ಹಂಗ ದನಿ ಮಾಡ್ತಿ, ಯಾರು ಕಲಿಸ್ಯಾರ ಅಂತ.

ಸುಮಾ ನನ್ನ ಮುಖಾನ ನೋಡಿದ್ಲು.

"ನಾ ಅಲ್ಲ ಆಯಿ. ನೀನ ಮಾಡ್ತಿ ಅನ್ಕೊಂಡಿದ್ನಿ."

ಈಗ, ಇದನ್ನ ಬರಿಯೂದಕ್ಕ ಮೊದ್ಲ, ಅಕಿ ಮಲಗಿದ್ದು ನೋಡಿ ಕುಣ್ಯಾಗ ಕೈ ಹಾಕಿದ್ನಿ. ಲಾಳಿ ಬೆಚ್ಚಗೈತಿ. ಹಸಿ ಹಸಿ ಐತಿ.

ನಾಳೆ ಗವಂಡಿ ಕರಿಸಿ ಆ ತಗ್ಗು ಸಿಮೆಂಟ್ ಹಾಕಿ ಮುಚ್ಚಸ್ತೇನಿ ಅಂತ ಮಗ ಹೊಂಟಾನ. ಬ್ಯಾಡ ಅಂದೇನಿ. ಕೂಸು ಎದ್ದು ತನ್ನ ಕಾಲಿಲೇ ಆ ಖೋಲಿ ಬಿಟ್ಟು ಹೊರಗ ನಡ್ಯೂತನ, ಯಾರು ಕುಂತಾರೋ ಅವರು ಕುಂದ್ರಲಿ. ನಾ ಅಂತೂ ಎಬ್ಬಸೂದಿಲ್ಲ.