ಬರುವ ದಾರಿ ಯಾವುದು?

ಕಳೆದ ಸೋಮವಾರ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಬುರ್ಖಾ ತೊಟ್ಟ ಹೆಂಗಸು ಮತ್ತೆ ಮತ್ತೆ ಮೊಬೈಲ್ ನೋಡಿಕೊಳ್ಳುತ್ತಿದ್ದರು. ಮುಂದಿನ ಸೀಟಿನಲ್ಲಿ ಇಬ್ಬರು ಸ್ನೇಹಿತರು ಇರಾನಿನ ಯುದ್ಧದ ಬಗ್ಗೆ ಜೋರಾಗಿ ಮಾತನಾಡುತ್ತಿದ್ದರು.

"ಸುಮ್ನೆ ಎಳೀತಾವ್ರೆ ಕಣೋ. ಒಂದೇ ಸಲ ಬಾಂಬ್ ಹಾಕಿ ಮುಗಿಸ್ಬೇಕು," ಎಂದ ಒಬ್ಬ.

"ನಮ್ಮ ತಾಲ್ಲೂಕಿನ ಎಲೆಕ್ಷನ್ ಟಿಕೆಟ್ ಜಗಳಾನೇ ಮುಗೀಲಿಲ್ಲ, ಅದು ಮುಗೀತದಾ?" ಎಂದು ಇನ್ನೊಬ್ಬ ನಕ್ಕ.

ಮಂಚೇನಹಳ್ಳಿ ದಾಟುವಷ್ಟರಲ್ಲಿ ಮಾತು ರಜೆಯ ಪ್ರವಾಸಕ್ಕೆ ಹೊರಳಿತು. ಊಟಿಗೆ ಯಾವ ರಸ್ತೆ ಚೆನ್ನ, ಗೋವಾದಲ್ಲಿ ಎಲ್ಲಿ ರೂಮು ಅಗ್ಗ ಎಂದು ವಿವರಿಸುತ್ತಿದ್ದ ಮೊದಲನೆಯವನು ಹಿಂದಕ್ಕೆ ತಿರುಗಿ, "ರಜಕ್ಕೆ ನೀವೆಲ್ಲಿಗಮ್ಮಾ?" ಎಂದು ಆಕೆಯನ್ನೂ ಕೇಳಿದ.

"ನಾವು ಅಲೀಪುರದೋರಪ್ಪ. ಮಗಳು ಇರಾನಲ್ಲಿ ಡಾಕ್ಟ್ರಿಗೆ ಓದ್ತಾಳೆ. ಶುಕ್ರವಾರದಿಂದ ಫೋನ್ ಸಿಕ್ತಿಲ್ಲ. ಅಲ್ಲಿ ಸಿಕ್ಕಾಕ್ಕೊಂಡಿರೋರ ಪಟ್ಟಿಗೆ ಅವಳ ಹೆಸರು ಕೊಡೋಕೆ ಡಿಸಿ ಆಫೀಸಿಗೆ ಹೋಗ್ತಿದೀನಿ. ನಿಂಗೆ ಇಷ್ಟೊಂದು ದಾರಿ ಗೊತ್ತಲ್ಲ, ಅವಳು ಬರೋಕೆ ಯಾವ ದಾರಿ ಐತೆ, ಹೇಳಪ್ಪ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಆಕೆ ನಿಜವಾಗಿಯೂ ಕೇಳುತ್ತಿದ್ದರು. ಅವನು ಮೊಬೈಲ್ ತೆಗೆದು ಬಹಳ ಹೊತ್ತು ಹುಡುಕಿದ. "ವಿಮಾನ ಎಲ್ಲ ನಿಂತವಂತಮ್ಮಾ," ಎಂದು ಮೆಲ್ಲಗೆ ಹೇಳಿದ.

ಆ ಹುಡುಗಿಯ ಹೆಸರನ್ನು ನಾನು ಕೇಳಲಿಲ್ಲ, ಮನೆ ಸೇರಿದಳೋ ಇಲ್ಲವೋ ತಿಳಿಯದು. ದಿನಚರಿಯಲ್ಲಿ ಯುದ್ಧದ ಸುದ್ದಿ ಬರೆದಿಡುವ ಅಭ್ಯಾಸ ನನಗಿದೆ. ಈಗ ಯಾರು ಯಾರ ಮೇಲೆ ದಾಳಿ ಮಾಡಿದರು ಎನ್ನುವುದಕ್ಕಿಂತ ಮೊದಲು, ಯಾವ ವಿಮಾನ ನಿಲ್ದಾಣ ತೆರೆದಿದೆ ಎಂದು ಹುಡುಕುತ್ತೇನೆ.